ಋತುಬಂಧ ಮತ್ತು ಹಾರ್ಮೋನ್ ಚಿಕಿತ್ಸೆ

ಅಂಡಾಶಯಗಳ ಕೆಲಸ ಮುಗಿದು ಮುಟ್ಟು ಶಾಶ್ವತವಾಗಿ ನಿಲ್ಲುವುದನ್ನು ಋತುಬಂಧ ಎನ್ನುತ್ತಾರೆ. ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಗಿದೆ ಎಂದು ವೈದ್ಯರು ನಿರ್ಧರಿಸುತ್ತಾರೆ. ಯುರೋಪು, ಅಮೆರಿಕಗಳಲ್ಲಿ ಇದು ಸರಾಸರಿ 51ರ ವಯಸ್ಸಿನಲ್ಲಿ, ಭಾರತದಲ್ಲಿ 46–47ರ ಆಸುಪಾಸಿನಲ್ಲಿ ಆಗುತ್ತದೆ. ಇದು ರೋಗವಲ್ಲ. ಆದರೆ ಇದರೊಂದಿಗೆ ಬರುವ ತೊಂದರೆಗಳು ಕೆಲವರಿಗೆ ನಿದ್ದೆ, ಕೆಲಸ, ಸಂಸಾರ ಎಲ್ಲವನ್ನೂ ಕೆಡಿಸುವಷ್ಟು ತೀವ್ರವಾಗಿರುತ್ತವೆ. ಅವಕ್ಕೆ ಚಿಕಿತ್ಸೆಗಳಿವೆ. ಅಂಡಾಶಯ ತಯಾರಿಸುವುದನ್ನು ನಿಲ್ಲಿಸಿದ ಹಾರ್ಮೋನನ್ನು ಔಷಧಿಯ ರೂಪದಲ್ಲಿ ಕೊಡುವ ಹಾರ್ಮೋನ್ ಚಿಕಿತ್ಸೆ ಅವುಗಳಲ್ಲಿ ಮುಖ್ಯವಾದುದು.

ಎಂಬತ್ತು ವರ್ಷಗಳ ತನ್ನ ಇತಿಹಾಸದಲ್ಲಿ ಈ ಚಿಕಿತ್ಸೆಯನ್ನು ಮೊದಲು ಎಲ್ಲ ಹೆಂಗಸರಿಗೂ ಬೇಕು ಎಂದು ಮಾರಲಾಯಿತು, ಆಮೇಲೆ ಯಾರಿಗೂ ಬೇಡ ಎಂದು ಹೆದರಿಸಲಾಯಿತು. ಎರಡೂ ತಪ್ಪು. ಅದು ಒಬ್ಬರಿಗೆ ಹೊಂದುತ್ತದೆಯೇ ಎಂಬುದು ಅವರ ವಯಸ್ಸು, ಮುಟ್ಟು ನಿಂತು ಕಳೆದ ವರ್ಷಗಳು, ಗರ್ಭಕೋಶ ಇದೆಯೇ ಇಲ್ಲವೇ ಎಂಬುದು, ಮನೆತನದಲ್ಲಿರುವ ಕಾಯಿಲೆಗಳು, ಮತ್ತು ಅವರು ಯಾವುದನ್ನು ಸಹಿಸಬಲ್ಲರು, ಯಾವುದನ್ನು ಸಹಿಸಲಾರರು ಎಂಬುದರ ಮೇಲೆ ನಿಂತಿದೆ. ಆದ್ದರಿಂದಲೇ ಇದು ಆ ಮಹಿಳೆ ತಾನೇ ತಿಳಿದು ಮಾಡಬೇಕಾದ ನಿರ್ಧಾರ.

ದೇಹದಲ್ಲಿ ಆಗುವ ಬದಲಾವಣೆ

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಅಂಡಕೋಶಿಕೆಗಳ ಸಂಗ್ರಹ ಇರುತ್ತದೆ. ವಯಸ್ಸಾದಂತೆ ಅದು ಕರಗುತ್ತದೆ. ನಲವತ್ತರ ನಂತರ ಉಳಿದವು ಕಡಿಮೆಯಾಗಿ, ಅವುಗಳಿಂದ ಬರುತ್ತಿದ್ದ ಈಸ್ಟ್ರೋಜನ್ ಒಮ್ಮೆ ಏರಿ ಒಮ್ಮೆ ಇಳಿಯುತ್ತ ಕೊನೆಗೆ ತೀರಾ ಕೆಳಮಟ್ಟಕ್ಕೆ ಬರುತ್ತದೆ. ಈ ಏರಿಳಿತದ ಕೆಲವು ವರ್ಷಗಳಲ್ಲಿ ಮುಟ್ಟು ಬೇಗ ಬೇಗ ಬರಬಹುದು, ತಿಂಗಳುಗಟ್ಟಲೆ ಬಾರದೆ ಇರಬಹುದು, ಒಮ್ಮೊಮ್ಮೆ ವಿಪರೀತ ರಕ್ತಸ್ರಾವವೂ ಆಗಬಹುದು. ಬಹುಪಾಲು ತೊಂದರೆಗಳು ಶುರುವಾಗುವುದು ಈ ಅವಧಿಯಲ್ಲೇ, ಮುಟ್ಟು ಪೂರ್ತಿ ನಿಲ್ಲುವುದಕ್ಕೂ ಮೊದಲು.

45 ದಾಟಿದ ಮಹಿಳೆಯಲ್ಲಿ ಲಕ್ಷಣಗಳು ಸ್ಪಷ್ಟವಾಗಿದ್ದರೆ ಹಾರ್ಮೋನಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಮಟ್ಟ ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದು ದಿನದ ವರದಿ ಹೆಚ್ಚೇನೂ ಹೇಳುವುದಿಲ್ಲ. 40ಕ್ಕೂ ಮೊದಲೇ ಮುಟ್ಟು ನಿಂತರೆ ಪರೀಕ್ಷೆ ಅಗತ್ಯ. ಅದನ್ನು ಅಕಾಲಿಕ ಅಂಡಾಶಯ ವೈಫಲ್ಯ ಎಂದು ಬೇರೆಯಾಗಿಯೇ ನೋಡುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆದರೆ ಋತುಬಂಧ ವರ್ಷಗಳ ಬದಲು ಒಂದೇ ದಿನದಲ್ಲಿ ಆಗಿಬಿಡುತ್ತದೆ, ಆಗ ತೊಂದರೆಗಳೂ ಹೆಚ್ಚು ತೀವ್ರವಾಗಿರುತ್ತವೆ.

ಲಕ್ಷಣಗಳು

ಎಲ್ಲಕ್ಕಿಂತ ಪರಿಚಿತವಾದುದು ಮೈ ಬಿಸಿಯೇರುವುದು. ಇದ್ದಕ್ಕಿದ್ದಂತೆ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬಿಸಿ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಇಳಿದು ಮೈ ತಣ್ಣಗಾಗಿ ಚಳಿ ಹಿಡಿಯುತ್ತದೆ. ರಾತ್ರಿ ಹೀಗಾದರೆ ಬಟ್ಟೆ, ಹಾಸಿಗೆ ಒದ್ದೆಯಾಗಿ ಎಚ್ಚರವಾಗುತ್ತದೆ. ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ದೇಹದ ತಾಪವನ್ನು ನಿಯಂತ್ರಿಸುವ ಕೇಂದ್ರವಿದೆ. ಈಸ್ಟ್ರೋಜನ್ ಇಳಿದಾಗ ಅಲ್ಲಿನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗಿ, ತಾಪದಲ್ಲಿ ಸಣ್ಣ ವ್ಯತ್ಯಾಸವಾದರೂ ದೇಹ ಕಾದುಹೋಗಿದೆ ಎಂದು ಭಾವಿಸಿ ಬೆವರಿಳಿಸುತ್ತವೆ. ಅಮೆರಿಕದಲ್ಲಿ ಹಲವು ವರ್ಷ ಮಹಿಳೆಯರನ್ನು ಹಿಂಬಾಲಿಸಿ ನಡೆಸಿದ ‘ಸ್ವಾನ್’ ಅಧ್ಯಯನದಲ್ಲಿ, ಪದೇ ಪದೇ ಹೀಗಾಗುವವರಲ್ಲಿ ಈ ತೊಂದರೆಯ ಮಧ್ಯಮ ಅವಧಿ 7.4 ವರ್ಷ ಎಂದು ಕಂಡುಬಂತು. ‘ಸ್ವಲ್ಪ ದಿನ ತಡೆದುಕೋ, ಸರಿಹೋಗುತ್ತದೆ’ ಎಂಬ ಮನೆಯವರ ಸಮಾಧಾನ ಎಷ್ಟು ಹೆಣ್ಣುಮಕ್ಕಳನ್ನು ಎಷ್ಟು ವರ್ಷ ಸುಮ್ಮನಿರಿಸಿದೆ ಎಂಬುದನ್ನು ಈ ಅಂಕಿಯಿಂದ ಊಹಿಸಬಹುದು.

ನಿದ್ದೆಗೇಡು, ಸಿಡಿಮಿಡಿ, ಮನಸ್ಸು ಕುಗ್ಗುವುದು, ಮರೆವು, ಕೀಲುನೋವು ಇತರ ಸಾಮಾನ್ಯ ದೂರುಗಳು. ಯೋನಿ ಒಣಗಿ ಉರಿಯಾಗುವುದು, ದೇಹಸಂಬಂಧದಲ್ಲಿ ನೋವು, ಮೇಲಿಂದ ಮೇಲೆ ಮೂತ್ರದ ಸೋಂಕು, ಮೂತ್ರ ತಡೆಯಲಾಗದಿರುವುದು ಮತ್ತೊಂದು ಗುಂಪು. ಮೈ ಬಿಸಿಯೇರುವುದು ವರ್ಷಗಳು ಕಳೆದಂತೆ ಕಡಿಮೆಯಾದರೆ ಈ ಗುಂಪಿನ ತೊಂದರೆ ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೆಚ್ಚುತ್ತ ಹೋಗುತ್ತದೆ. ಹೇಳಿಕೊಳ್ಳಲು ನಾಚಿಕೆಪಟ್ಟು ಹೆಚ್ಚಿನವರು ಲೇಡಿ ಡಾಕ್ಟರ ಮುಂದೆಯೂ ಬಾಯಿಬಿಡುವುದಿಲ್ಲ. ಕಣ್ಣಿಗೆ ಕಾಣದ ಬದಲಾವಣೆ ಮೂಳೆಯದು. ಮುಟ್ಟು ನಿಂತ ಮೊದಲ ಕೆಲವು ವರ್ಷ ಮೂಳೆಯ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಮುಂದೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು, ಬೆನ್ನುಮೂಳೆ, ಸೊಂಟ ಮುರಿಯುವುದಕ್ಕೆ ಇದೇ ಅಡಿಪಾಯ.

ಚಿಕಿತ್ಸೆಯ ಬಗೆಗಳು

ಹಾರ್ಮೋನ್ ಚಿಕಿತ್ಸೆಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಈಸ್ಟ್ರೋಜನ್. ಅದನ್ನು ಒಂಟಿಯಾಗಿ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಆದ್ದರಿಂದ ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಅಥವಾ ಅದರಂಥ ಔಷಧಿಯನ್ನು ಸೇರಿಸಲೇಬೇಕು. ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದೊಳಗೆ ಹಾಕಿಸಿಯೂ ಈ ರಕ್ಷಣೆ ಪಡೆಯಬಹುದು. ಗರ್ಭಕೋಶ ತೆಗೆಸಿದವರಿಗೆ ಈಸ್ಟ್ರೋಜನ್ ಒಂದೇ ಸಾಕು.

ಈಸ್ಟ್ರೋಜನ್ ಮಾತ್ರೆಯಾಗಿ, ಚರ್ಮಕ್ಕೆ ಹಚ್ಚುವ ಜೆಲ್ ಆಗಿ, ಅಂಟಿಸುವ ಪಟ್ಟಿಯಾಗಿ ಇದೆ. ವ್ಯತ್ಯಾಸ ಬರೀ ಅನುಕೂಲದ್ದಲ್ಲ. ನುಂಗಿದ ಮಾತ್ರೆ ಹೊಟ್ಟೆಯಿಂದ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ನೇರ ರಕ್ತಕ್ಕೆ ಸೇರುತ್ತದೆ. ಸಾಮಾನ್ಯ ಪ್ರಮಾಣದ ಜೆಲ್ ಅಥವಾ ಪಟ್ಟಿಯಿಂದ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಸ್ಥೂಲಕಾಯದವರಿಗೆ, ಅರೆತಲೆನೋವು ಇರುವವರಿಗೆ ವೈದ್ಯರು ಈ ದಾರಿಯನ್ನು ಆರಿಸುವುದು ಅದಕ್ಕೇ.

ಯೋನಿಯ ಒಣಗುವಿಕೆ ಮತ್ತು ಮೂತ್ರದ ತೊಂದರೆ ಮಾತ್ರ ಇದ್ದರೆ ಅಲ್ಲಿಗಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು ಸಾಕಾಗುತ್ತದೆ. ಅದು ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಮಾತ್ರೆಯ ಅಪಾಯಗಳನ್ನು ಈ ಕ್ರೀಮಿಗೂ ಹಚ್ಚಿ ಹೆದರಬೇಕಾಗಿಲ್ಲ. ಟಿಬೊಲೋನ್ ಎಂಬ ಇನ್ನೊಂದು ಮಾತ್ರೆ ಭಾರತದಲ್ಲಿಯೂ ಬಳಕೆಯಲ್ಲಿದೆ. ವಯಸ್ಸಾದವರಲ್ಲಿ ಅದು ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಇವಾವುವೂ ಗರ್ಭನಿರೋಧಕಗಳಲ್ಲ. 50ರ ಒಳಗೆ ಮುಟ್ಟು ನಿಂತವರು ಎರಡು ವರ್ಷ, 50 ದಾಟಿದವರು ಒಂದು ವರ್ಷ ಗರ್ಭನಿರೋಧಕ ಮುಂದುವರಿಸಬೇಕೆಂಬುದು ರೂಢಿಯ ಸಲಹೆ.

ಇತಿಹಾಸ

1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಬೇರೆ ಬೇರೆಯಾಗಿ ಈಸ್ಟ್ರೋನ್ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1942ರಲ್ಲಿ ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ ‘ಪ್ರಿಮರಿನ್’ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗತಜ್ಞ ರಾಬರ್ಟ್ ವಿಲ್ಸನ್ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕದಲ್ಲಿ ಋತುಬಂಧವನ್ನು ಹಾರ್ಮೋನ್ ಕೊರತೆಯ ಕಾಯಿಲೆಯೆಂದು ಸಾರಿ, ಮಾತ್ರೆ ನುಂಗಿದರೆ ಯೌವನ ಉಳಿಯುತ್ತದೆಂದು ನಂಬಿಸಿದ. ಮಾರಾಟ ಏರಿತು. 1975ರಲ್ಲಿ ಒಂಟಿ ಈಸ್ಟ್ರೋಜನ್ ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಹಲವು ಪಟ್ಟು ಹೆಚ್ಚಿಸುತ್ತದೆಂದು ಎರಡು ಅಧ್ಯಯನಗಳು ತೋರಿಸಿದ ಮೇಲೆ ಪ್ರೊಜೆಸ್ಟರಾನ್ ಜಾತಿಯ ಔಷಧಿ (ಪ್ರೊಜೆಸ್ಟಿನ್) ಸೇರಿಸುವುದು ರೂಢಿಗೆ ಬಂತು.

1980–90ರ ದಶಕಗಳಲ್ಲಿ ಇನ್ನೊಂದು ನಂಬಿಕೆ ಬೆಳೆಯಿತು. ಹಾರ್ಮೋನ್ ತೆಗೆದುಕೊಳ್ಳುವವರಲ್ಲಿ ಹೃದಯಾಘಾತ ಕಡಿಮೆ ಕಾಣುತ್ತಿತ್ತು. ಅದು ಔಷಧಿಯ ಗುಣವೇ, ಅಥವಾ ಔಷಧಿ ಕೊಳ್ಳಬಲ್ಲ ಅನುಕೂಲಸ್ಥ ಮಹಿಳೆಯರು ಮೊದಲೇ ಆರೋಗ್ಯವಂತರಾಗಿದ್ದುದರ ಫಲವೇ ಎಂಬುದು ಸ್ಪಷ್ಟವಿರಲಿಲ್ಲ. ಅದನ್ನು ತಿಳಿಯಲು ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್ 1991ರಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಯೋಜನೆ ಆರಂಭಿಸಿತು.

2002ರ ಫಲಿತಾಂಶ ಮತ್ತು ಅದರ ಓದು

ಈ ಯೋಜನೆಯ ಒಂದು ಭಾಗದಲ್ಲಿ, ಗರ್ಭಕೋಶ ಇದ್ದ 16,608 ಮಹಿಳೆಯರಲ್ಲಿ ಕೆಲವರಿಗೆ ಈಸ್ಟ್ರೋಜನ್–ಪ್ರೊಜೆಸ್ಟಿನ್ ಜೋಡಿ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿಮಾತ್ರೆ ಕೊಡಲಾಯಿತು. ಎಂಟೂವರೆ ವರ್ಷ ನಡೆಯಬೇಕಿದ್ದ ಈ ಭಾಗವನ್ನು ಸರಾಸರಿ 5.2 ವರ್ಷದ ಹೊತ್ತಿಗೆ, 2002ರ ಜುಲೈನಲ್ಲಿ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚು ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಲಕ್ಷಾಂತರ ಮಹಿಳೆಯರು ಮಾತ್ರೆ ನಿಲ್ಲಿಸಿದರು, ವೈದ್ಯರು ಬರೆಯುವುದನ್ನೇ ಬಿಟ್ಟರು.

ಈ ಶೇ 26 ಎಂಬುದನ್ನು ಹತ್ತಿರದಿಂದ ನೋಡಬೇಕು. ಹುಸಿಮಾತ್ರೆ ತೆಗೆದುಕೊಂಡ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಬಂದರೆ, ಜೋಡಿ ಮಾತ್ರೆ ತೆಗೆದುಕೊಂಡ 10,000 ಮಹಿಳೆಯರಲ್ಲಿ 38 ಜನರಿಗೆ ಬಂತು. ಹೆಚ್ಚಾದದ್ದು ಎಂಟು. ಹಾಗೆಯೇ ಹೃದಯಾಘಾತ ಏಳು, ಪಾರ್ಶ್ವವಾಯು ಎಂಟು, ಶ್ವಾಸಕೋಶಕ್ಕೆ ಹೆಪ್ಪು ಸೇರುವುದು ಎಂಟು ಹೆಚ್ಚಾದವು. ದೊಡ್ಡಕರುಳಿನ ಕ್ಯಾನ್ಸರ್ ಆರು, ಸೊಂಟದ ಮೂಳೆ ಮುರಿತ ಐದು ಕಡಿಮೆಯಾದವು. ಎಂಟು ಎಂಬುದು ಸಣ್ಣದಲ್ಲ, ಆ ಎಂಟರಲ್ಲಿ ತಾನಿದ್ದರೆ ಕಾಯಿಲೆ ಪೂರ್ತಿ ತನ್ನದೇ. ಆದರೂ ಶೇ 26 ಎಂದು ಕೇಳಿ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬರುತ್ತದೆಂದು ತಿಳಿದವರಿಗೆ ಯಾರೂ ಈ ಲೆಕ್ಕವನ್ನು ಬಿಡಿಸಿ ಹೇಳಲಿಲ್ಲ.

ಎರಡನೆಯ ಸಂಗತಿ ವಯಸ್ಸು. ಈ ಅಧ್ಯಯನಕ್ಕೆ ಸೇರಿದವರು 50ರಿಂದ 79ರ ನಡುವಿನವರು, ಸರಾಸರಿ 63. ಬಹುಪಾಲು ಜನ ಮುಟ್ಟು ನಿಂತು ಹತ್ತಕ್ಕೂ ಹೆಚ್ಚು ವರ್ಷವಾದ ಮೇಲೆ ಮಾತ್ರೆ ಶುರುಮಾಡಿದ್ದರು. ಬಿಸಿಯೇರಿಕೆಗೆ ಔಷಧಿ ಕೇಳುವ 48 ಅಥವಾ 50ರ ಮಹಿಳೆಯ ಸ್ಥಿತಿ ಅದಲ್ಲ. ಮುಂದಿನ ವಿಶ್ಲೇಷಣೆಗಳಲ್ಲಿ 60ರ ಒಳಗಿನವರಿಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಆರಂಭಿಸಿದವರಿಗೆ ಅಪಾಯ ಕಡಿಮೆ ಎಂದು ಕಂಡಿತು. ತಡವಾಗಿ ಶುರುಮಾಡಿದವರಲ್ಲಿ, ಅದರಲ್ಲೂ 65 ದಾಟಿದವರಲ್ಲಿ, ಪಾರ್ಶ್ವವಾಯು ಮತ್ತು ಮರೆಗುಳಿತನದ ಅಪಾಯ ಹೆಚ್ಚಿತ್ತು.

ಗರ್ಭಕೋಶ ತೆಗೆಸಿದ್ದ 10,739 ಮಹಿಳೆಯರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟ ಇನ್ನೊಂದು ಭಾಗವನ್ನು ಪಾರ್ಶ್ವವಾಯು ಹೆಚ್ಚಿದ್ದರಿಂದ 2004ರಲ್ಲಿ ನಿಲ್ಲಿಸಲಾಯಿತು. ಅಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ದೀರ್ಘಕಾಲ ಗಮನಿಸಿದಾಗ ಕಡಿಮೆಯೇ ಕಂಡಿತು. 2017ರಲ್ಲಿ ಪ್ರಕಟವಾದ 18 ವರ್ಷಗಳ ಒಟ್ಟು ಲೆಕ್ಕದಲ್ಲಿ ಹಾರ್ಮೋನ್ ಪಡೆದವರಿಗೂ ಪಡೆಯದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಹಾಗೆಂದು ಸ್ತನ ಕ್ಯಾನ್ಸರಿನ ಪ್ರಶ್ನೆ ಮುಗಿದಿಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ, 58 ಅಧ್ಯಯನಗಳನ್ನು ಕೂಡಿಸಿದ ವಿಶ್ಲೇಷಣೆಯ ಅಂದಾಜಿನಂತೆ, 50ರಲ್ಲಿ ಆರಂಭಿಸಿ ಐದು ವರ್ಷ ಪ್ರತಿದಿನ ಜೋಡಿ ಔಷಧಿ ತೆಗೆದುಕೊಂಡ ಪ್ರತಿ 50 ಮಹಿಳೆಯರಲ್ಲಿ ಒಬ್ಬರಿಗೆ 70 ತುಂಬುವುದರೊಳಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರಬಹುದು. ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ ಇದು ಪ್ರತಿ 200ಕ್ಕೆ ಒಬ್ಬರು. ಎರಡು ದೊಡ್ಡ ಸಾಕ್ಷ್ಯಗಳು ಈಸ್ಟ್ರೋಜನ್ ವಿಷಯದಲ್ಲಿ ಒಂದನ್ನೊಂದು ಒಪ್ಪುವುದಿಲ್ಲ. ಜೋಡಿ ಔಷಧಿಯ ವಿಷಯದಲ್ಲಿ, ಬಳಸುವ ವರ್ಷ ಹೆಚ್ಚಾದಂತೆ ಅಪಾಯ ಹೆಚ್ಚುತ್ತದೆ ಎಂಬುದನ್ನು ಎರಡೂ ಹೇಳುತ್ತವೆ.

ಇಂದಿನ ಒಮ್ಮತ

ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ, ಅಮೆರಿಕದ ಋತುಬಂಧ ತಜ್ಞರ ಸಂಘದ 2022ರ ನಿಲುವು, 1995ರಲ್ಲಿ ಸ್ಥಾಪನೆಯಾದ ಇಂಡಿಯನ್ ಮೆನೊಪಾಸ್ ಸೊಸೈಟಿಯ ಸಲಹೆಗಳು ಮೂಲ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ. ಮೈ ಬಿಸಿಯೇರುವುದಕ್ಕೆ ಹಾರ್ಮೋನಿನಷ್ಟು ಪರಿಣಾಮಕಾರಿ ಔಷಧಿ ಬೇರೆ ಇಲ್ಲ. 60ರ ಒಳಗಿನ, ಅಥವಾ ಮುಟ್ಟು ನಿಂತು 10 ವರ್ಷ ಮೀರದ, ಬೇರೆ ಅಡ್ಡಿಯಿಲ್ಲದ ಮಹಿಳೆಗೆ ತೊಂದರೆ ತೀವ್ರವಾಗಿದ್ದರೆ ಲಾಭ ಅಪಾಯಕ್ಕಿಂತ ಹೆಚ್ಚು. 40ಕ್ಕೂ ಮೊದಲೇ ಮುಟ್ಟು ನಿಂತವರಿಗೆ ಮೂಳೆ ಮತ್ತು ಹೃದಯದ ರಕ್ಷಣೆಗಾಗಿ, ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೂ ಹಾರ್ಮೋನ್ ಕೊಡುವುದು ಸೂಕ್ತ. ಆದರೆ ತೊಂದರೆಯೇ ಇಲ್ಲದವರಿಗೆ ಮುಂದೆ ಹೃದ್ರೋಗ, ಮರೆವು ಬಾರದಿರಲೆಂದು ಕೊಡುವುದು ಸರಿಯಲ್ಲ. ಚರ್ಮದ ಹೊಳಪಿಗೆ, ಯೌವನಕ್ಕೆ ಎಂಬ ಜಾಹೀರಾತಿನ ಮಾತಿಗಂತೂ ಆಧಾರವಿಲ್ಲ.

2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಔಷಧಿಗಳ ಮೇಲೆ 2003ರಿಂದ ಮುದ್ರಿಸುತ್ತಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆಗುಳಿತನಗಳ ಕಪ್ಪುಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಎಚ್ಚರಿಕೆಯ ಚೌಕಟ್ಟು ಹೋದರೆ ಅಪಾಯವೇ ಹೋಯಿತೆಂದಲ್ಲ. ಮೇಲೆ ಹೇಳಿದ ಲೆಕ್ಕಗಳು ಹಾಗೆಯೇ ಇವೆ.

ಸ್ತನ ಕ್ಯಾನ್ಸರ್ ಅಥವಾ ಈಸ್ಟ್ರೋಜನಿನಿಂದ ಬೆಳೆಯುವ ಬೇರೆ ಕ್ಯಾನ್ಸರ್ ಬಂದವರು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳ ಹೆಪ್ಪುಗಟ್ಟಿದವರು, ಹೃದಯಾಘಾತ ಇಲ್ಲವೇ ಪಾರ್ಶ್ವವಾಯು ಆದವರು, ತೀವ್ರ ಯಕೃತ್ತಿನ ಕಾಯಿಲೆ ಇರುವವರು ಸಾಮಾನ್ಯವಾಗಿ ಈ ಚಿಕಿತ್ಸೆ ತೆಗೆದುಕೊಳ್ಳಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ‘ಮತ್ತೆ ಮುಟ್ಟಾಯಿತು’ ಎಂದು ಬಿಡಬಾರದು. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಸ್ಕ್ಯಾನಿಂಗ್, ಬೇಕಾದರೆ ಒಳಪದರದ ಪರೀಕ್ಷೆ ಆಗುವವರೆಗೆ ಹಾರ್ಮೋನ್ ಶುರುಮಾಡುವುದಿಲ್ಲ.

ಹಾರ್ಮೋನಿಲ್ಲದ ದಾರಿಗಳು

ಹಾರ್ಮೋನ್ ಆಗದವರಿಗೆ, ಬೇಡವೆನ್ನುವವರಿಗೆ ಬೇರೆ ಔಷಧಿಗಳಿವೆ. ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್, ವೆನ್ಲಫ್ಯಾಕ್ಸಿನ್, ನರನೋವಿಗೆ ಕೊಡುವ ಗ್ಯಾಬಪೆಂಟಿನ್ ಕಡಿಮೆ ಪ್ರಮಾಣದಲ್ಲಿ ಬಿಸಿಯೇರಿಕೆಯನ್ನು ತಗ್ಗಿಸುತ್ತವೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಪ್ಯಾರೊಕ್ಸೆಟಿನ್ ತಪ್ಪಿಸಬೇಕು, ಅದು ಟ್ಯಾಮಾಕ್ಸಿಫೆನ್ನಿನ ಕೆಲಸವನ್ನು ಕುಗ್ಗಿಸುತ್ತದೆ. ಮಿದುಳಿನ ತಾಪಕೇಂದ್ರದ ನರಕೋಶಗಳ ಮೇಲೆಯೇ ನೇರ ಕೆಲಸ ಮಾಡುವ ಫೆಜೊಲಿನೆಟಂಟ್ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ನುಂಗುವವರು ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಮನಸ್ಸಿನ ಅಭ್ಯಾಸಗಳನ್ನು ತಿದ್ದುವ ಸಮಾಲೋಚನೆಯಿಂದ ನಿದ್ದೆ ಮತ್ತು ಬಿಸಿಯೇರಿಕೆಯ ಕಾಟ ಕಡಿಮೆಯಾಗುವುದೂ ಸಾಬೀತಾಗಿದೆ. ಸೋಯಾದಂಥ ಸಸ್ಯಮೂಲದ ಮಾತ್ರೆಗಳಿಗೆ ಸಿಕ್ಕಿರುವ ಸಾಕ್ಷ್ಯ ದುರ್ಬಲ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು, ಏನು ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳಬೇಕು.

ಮೂಳೆಯ ಆರೈಕೆ ಎಲ್ಲರಿಗೂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದದ್ದು 1,000–1,200 ಮಿಲಿಗ್ರಾಂ. ಮುದ್ದೆಯ ಜೊತೆ ಹಾಲು, ಮೊಸರು, ಸೊಪ್ಪು, ಎಳ್ಳು ಸೇರಿದರೆ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ. ಬಿಸಿಲು, ವಿಟಮಿನ್ ಡಿ, ಭಾರ ಎತ್ತುವ ವ್ಯಾಯಾಮ, ಚುರುಕು ನಡಿಗೆ ಇವುಗಳ ಜೊತೆಗಿರಬೇಕು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಲು, ಸ್ತನ ಮತ್ತು ಗರ್ಭಕಂಠದ ತಪಾಸಣೆ ಮಾಡಿಸಲು ಇದು ತಕ್ಕ ಸಮಯ.

ಭಾರತದಲ್ಲಿ ಗರ್ಭಕೋಶ ತೆಗೆಸುವ ಪ್ರಶ್ನೆ

ಭಾರತದಲ್ಲಿ ಋತುಬಂಧದ ಮಾತು ಗರ್ಭಕೋಶದ ಆಪರೇಷನ್ನಿನ ಮಾತನ್ನು ಬಿಟ್ಟು ಪೂರ್ತಿಯಾಗುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 3ರಷ್ಟು ಜನ ಗರ್ಭಕೋಶ ತೆಗೆಸಿದ್ದಾರೆ. ಅವರಲ್ಲಿ ಅರ್ಧದಷ್ಟು ಮಂದಿಗೆ ಮೂವತ್ತೈದರ ಸುಮಾರಿಗೇ ಅದು ಆಗಿದೆ. ಆಂಧ್ರ, ತೆಲಂಗಾಣಗಳಲ್ಲಿ ಪ್ರಮಾಣ ದೇಶದ ಸರಾಸರಿಗಿಂತ ಬಹಳ ಹೆಚ್ಚು. ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಬಡ ಮಹಿಳೆಯರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಈ ಆಪರೇಷನ್ ಮಾಡಲಾಗಿದೆ ಎಂಬ ದೂರು 2015ರ ಸುಮಾರಿಗೆ ದೊಡ್ಡದಾಗಿ ಹೊರಬಂತು. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ಮುಟ್ಟು ಎಂದು ಹೋದವರಿಗೆ ‘ಗರ್ಭಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿದ್ದೇ ಇಂಥ ದೂರುಗಳ ತಿರುಳು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತು.

ಇಲ್ಲಿ ತಿಳಿದಿರಬೇಕಾದ ಅಂಶ ಒಂದು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಕೂಡಲೇ ಆಗುತ್ತದೆ. ಅಂಡಾಶಯ ಉಳಿಸಿದರೂ ಅದು ಸಹಜ ಸಮಯಕ್ಕಿಂತ ಬೇಗ ಬರಬಹುದು. ಮೂವತ್ತೈದರ ಮಹಿಳೆಗೆ ಅಂಡಾಶಯ ತೆಗೆದು, ಹಾರ್ಮೋನಿನ ಮಾತೇ ಎತ್ತದೆ ಮನೆಗೆ ಕಳುಹಿಸುವುದೆಂದರೆ ಅವಳ ಮೂಳೆ ಮತ್ತು ಹೃದಯವನ್ನು ಹತ್ತು ವರ್ಷಕ್ಕೂ ಮೊದಲೇ ಮುಪ್ಪಿಗೆ ದೂಡುವುದು. ಆಪರೇಷನ್ ಆದವರು ಅಂಡಾಶಯ ತೆಗೆದಿದ್ದಾರೆಯೇ ಎಂಬುದನ್ನು ಡಿಸ್‌ಚಾರ್ಜ್ ಚೀಟಿಯಲ್ಲಿ ನೋಡಿ, ಆ ಚೀಟಿಯನ್ನು ಜೋಪಾನವಾಗಿಡಬೇಕು.

ತಿಳಿದು ನಿರ್ಧರಿಸುವುದು

ರೋಗಿಯ ಒಪ್ಪಿಗೆ ಎಂದರೇನು ಎಂಬುದನ್ನು ಭಾರತದಲ್ಲಿ ಸ್ಪಷ್ಟಪಡಿಸಿದ ತೀರ್ಪು ಹುಟ್ಟಿದ್ದೂ ಇಂಥದೇ ಪ್ರಕರಣದಿಂದ. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ರಕ್ತ ನಿಲ್ಲುತ್ತಿಲ್ಲವೆಂದು ತಪಾಸಣೆಗೆ ಹೋಗಿದ್ದರು. ಅರಿವಳಿಕೆಯಲ್ಲಿ ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗಿದ್ದ ವಯಸ್ಸಾದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಲಾಯಿತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ಪ್ರಾಪ್ತ ವಯಸ್ಸಿನ ಮಹಿಳೆಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಬರೆದ ಆ ತೀರ್ಪು, ವೈದ್ಯರು ಹೇಳಲೇಬೇಕಾದ ಸಂಗತಿಗಳನ್ನು ಪಟ್ಟಿ ಮಾಡಿದೆ: ಚಿಕಿತ್ಸೆ ಯಾವುದು, ಯಾತಕ್ಕೆ, ಅದರಿಂದ ಲಾಭವೇನು, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳಾವುವು, ಚಿಕಿತ್ಸೆ ಬೇಡವೆಂದರೆ ಏನಾಗಬಹುದು.

ಹಾರ್ಮೋನ್ ಚಿಕಿತ್ಸೆಗೂ ಇದೇ ಪಟ್ಟಿ ಸಾಕು. ಡಾಕ್ಟರ ಬಳಿ ಹೋಗುವ ಮುನ್ನ ಯಾವ ತೊಂದರೆ ಎಷ್ಟು ಸಲ ಕಾಡುತ್ತಿದೆ, ಕೊನೆಯ ಮುಟ್ಟು ಯಾವಾಗ, ಮನೆಯಲ್ಲಿ ಯಾರಿಗೆ ಸ್ತನ ಕ್ಯಾನ್ಸರ್, ಹೆಪ್ಪುಗಟ್ಟುವ ಕಾಯಿಲೆ, ಹೃದ್ರೋಗ ಇದೆ, ಈಗ ನುಂಗುತ್ತಿರುವ ಮಾತ್ರೆಗಳಾವುವು ಎಂದು ಬರೆದುಕೊಂಡು ಹೋದರೆ ಮಾತು ನೇರವಾಗುತ್ತದೆ. ‘ಅಪಾಯ ಶೇಕಡಾ ಎಷ್ಟು ಹೆಚ್ಚು’ ಎಂದು ಕೇಳುವ ಬದಲು ‘ನನ್ನಂಥ ಸಾವಿರ ಜನರಲ್ಲಿ ಎಷ್ಟು ಮಂದಿಗೆ ಹೆಚ್ಚು, ಎಷ್ಟು ಮಂದಿಗೆ ಕಡಿಮೆ’ ಎಂದು ಕೇಳಬೇಕು. ಮಾತ್ರೆಯೋ ಜೆಲ್ಲೋ, ಪ್ರೊಜೆಸ್ಟರಾನ್ ಬೇಕೋ ಬೇಡವೋ ಎಂಬುದಕ್ಕೆ ಕಾರಣ ಕೇಳಬೇಕು. ಗಂಡ, ಮಕ್ಕಳು, ನೆರೆಹೊರೆಯವರ ಅಭಿಪ್ರಾಯ ಕೇಳಿಸಿಕೊಳ್ಳಬಹುದು. ಆದರೆ ರಾತ್ರಿ ಬೆವರಿ ಎದ್ದು ಕೂರುವವಳು ಅವಳು, ಔಷಧಿಯ ಅಪಾಯ ಹೊರುವವಳೂ ಅವಳೇ.

ಚಿಕಿತ್ಸೆ ಶುರುಮಾಡಿದ ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಬೇಕು. ಎಷ್ಟು ವರ್ಷ ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ಮಿತಿ ಇಲ್ಲ. ತೊಂದರೆ ಇಳಿದಿದೆಯೇ, ಆರೋಗ್ಯದಲ್ಲಿ ಏನು ಬದಲಾಗಿದೆ ಎಂದು ನೋಡಿ ಪ್ರತಿ ವರ್ಷವೂ ಹೊಸದಾಗಿ ನಿರ್ಧರಿಸಬೇಕು. ಇಂದು ಬೇಕೆಂದವರು ಮುಂದಿನ ವರ್ಷ ಬೇಡವೆನ್ನಬಹುದು, ಬೇಡವೆಂದವರು ಹತ್ತು ವರ್ಷದ ಗಡುವಿನೊಳಗೆ ಮನಸ್ಸು ಬದಲಿಸಬಹುದು. ಯಾವುದನ್ನೇ ಆರಿಸಿಕೊಳ್ಳಲಿ, ಪೂರ್ತಿ ಮಾಹಿತಿ ಕೇಳಿ ಪಡೆಯುವುದು ಮಹಿಳೆಯ ಹಕ್ಕು, ಅದನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ವೈದ್ಯರ ಕರ್ತವ್ಯ.